ಪುಟ್ಟ ದೇಶಕ್ಕೆ ಎದ್ದು ನಿಲ್ಲುವವನು

ಕಳಸದ ಕಿರಾಣಿ ವ್ಯಾಪಾರಿ ಓಂಕಾರಪ್ಪನವರು ತುಂಬ ದಿನ ನಾಗೇಶನನ್ನು ಭಾರೀ ಕ್ರೀಡಾಪ್ರೇಮಿ ಎಂದೇ ತಿಳಿದಿದ್ದರು. ಒಲಿಂಪಿಕ್ಸೋ ಏಷ್ಯನ್ ಗೇಮ್ಸೋ ಬಂತೆಂದರೆ ಸಾಕು, ಈ ಸಣ್ಣ ಕಾಫಿ ಬೆಳೆಗಾರ ಜೀಪಿನ ಬ್ಯಾಟರಿ ಕಳಚಿ ತನ್ನ ಕಪ್ಪು-ಬಿಳುಪು ಟಿವಿಗೆ ಸಿಕ್ಕಿಸುತ್ತಾನೆ. ಮಳೆಗಾಲದ ಕರೆಂಟನ್ನು ಅವನು ನಂಬುವವನಲ್ಲ. ಆದರೆ ನೋಡುವುದು ಉದ್ಘಾಟನೆಯೊಂದನ್ನೇ. ಓಟ, ಜಿಗಿತ ಶುರುವಾಗುವ ಹೊತ್ತಿಗೆ ಬ್ಯಾಟರಿ ಜೀಪಿಗೆ ವಾಪಸ್. ಸಿಡ್ನಿಯ ಉದ್ಘಾಟನೆಯ ಮಧ್ಯಾಹ್ನವೂ ಅವನ ಜಗಲಿ ತುಂಬಿತ್ತು. ಕುದುರೆಗಳ ಸಾಲು ಕಂಡ ಓಂಕಾರಪ್ಪನವರು, ತಾವೇ ಹತ್ತು ಒಲಿಂಪಿಕ್ಸ್ ನಡೆಸಿದವರಂತೆ, "ನಮ್ಮೋರು ಮಾಡಿದ್ರೆ ಮೊದ್ಲು ಮೈಕೇ ಕೆಡ್ತಿತ್ತು" ಎಂದು ತೀರ್ಪು ಕೊಟ್ಟರು. ಬಾಣಬಿರುಸಿಗೂ ಆತಿಥೇಯರ ದೊಡ್ಡ ದಂಡಿಗೂ ಕೂತೇ ಇರುವ ನಾಗೇಶ, ಹೆಸರೇ ಕೇಳದ ಯಾವುದೋ ದ್ವೀಪದ ಬೆರಳೆಣಿಕೆಯ ಮಂದಿ ಬಾವುಟ ಹಿಡಿದು ಬಂದರೆ ಮಾತ್ರ ಪಂಚೆ ಬಿಗಿದುಕೊಂಡು ಎದ್ದು ನಿಲ್ಲುತ್ತಾನೆ. ಹೋದ ವರ್ಷ ತಾಲೂಕು ಕ್ರೀಡಾಕೂಟದ ಪಥಸಂಚಲನದಲ್ಲಿ ಅವನ ಮಗಳು ಕೃತಿಕಾ ತನ್ನ ಪುಟ್ಟ ಶಾಲೆಯ ಪರವಾಗಿ ಒಬ್ಬಳೇ ನಡೆದಾಗ ಜನ ನಕ್ಕರು, ಬ್ಯಾಂಡೂ ನಿಂತುಹೋಯಿತು. ಅವಳು ಮೈದಾನ ಸುತ್ತಿ ಮುಗಿಸುವವರೆಗೂ ನಾಗೇಶ ಜೀಪಿನ ಹಾರ್ನ್ ಹೊಡೆಯುತ್ತಲೇ ಇದ್ದ. ಈ ಸಲ ಕ್ರೀಡಾಕೂಟಕ್ಕೆ ಹೋಗುವುದೇ ಇಲ್ಲ ಎಂದು ಮುಖ ಊದಿಸಿಕೊಂಡ ಹುಡುಗಿ ಈಗ ಟಿವಿಯ ಮುಂದೆಯೇ ಕೂತಿದ್ದಳು. "ಅಲ್ಲ ನಾಗೇಶ, ನೀನಿಲ್ಲಿ ಎದ್ದು ನಿಂತಿದ್ದು ಅಲ್ಲಿ ಸಿಡ್ನೀಲಿರೋರಿಗೆ ಕಾಣುತ್ತೇನೋ?" ಎಂದರು ಓಂಕಾರಪ್ಪನವರು. "ಅವ್ರಿಗೆ ಕಾಣೋದು ಬ್ಯಾಡ. ನನ್ನ ಮಗಳಿಗೆ ಕಾಣುತ್ತಲ್ಲ. ನೀವೂ ಏಳಿ ಮಾರಾಯ್ರೇ!"