ಹೆಸರು ಹಿಡಿದು ಕೂಗಿದ್ದು

ಅಮರಗೋಳದಲ್ಲಿ ಹತ್ತಿ ವ್ಯಾಪಾರ ಮಾಡುವ ನನ್ನ ಗಂಡ ಮತ್ತು ಮೈದುನ ಆ ವರ್ಷ ಅಂಡಮಾನಿನಲ್ಲಿ ಒಂದು ಹಾಯಿದೋಣಿಯನ್ನು ಇಡಿಯಾಗಿ ಬಾಡಿಗೆಗೆ ಹಿಡಿದು ನನ್ನನ್ನೂ ಕರೆದೊಯ್ದರು. ದ್ವೀಪದಿಂದ ದ್ವೀಪಕ್ಕೆ ತಿರುಗುವುದು, ದೋಣಿಯಲ್ಲೇ ಊಟ, ನಿದ್ದೆ. ನನಗೆ ಈಜು ಬಾರದು, ನೀರೆಂದರೆ ಭಯ. ಅದು ಮನೆಯವರಿಗೆಲ್ಲ ಗೊತ್ತಿತ್ತು.

ಒಂದು ಮಧ್ಯಾಹ್ನ ಸಮುದ್ರದ ನಡುವಿನ ಮರಳುದಿಬ್ಬದ ಮೇಲೆ ಇಳಿದೆವು. ನಾನು ಕಪ್ಪೆಚಿಪ್ಪು ಆರಿಸುತ್ತಿದ್ದಾಗ ಅವರಿಬ್ಬರೂ ಸದ್ದಿಲ್ಲದೆ ದೋಣಿ ಹತ್ತಿ ಹೊರಟೇಬಿಟ್ಟರು. ತಮಾಷೆಗಂತೆ. ಉಬ್ಬರ ಏರತೊಡಗಿತ್ತು. ನೀರು ಮೊಣಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ ಬಂತು. ಮದುವೆಯಾದಂದಿನಿಂದ ಒಮ್ಮೆಯೂ ಬಾಯಿಗೆ ತಾರದ ಗಂಡನ ಹೆಸರನ್ನು ಹಿಡಿದು ಚೀರಿದೆ. ಅವರು ತುಸು ದೂರದಲ್ಲಿ ದೋಣಿ ನಿಲ್ಲಿಸಿಕೊಂಡು ನಗುತ್ತ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ಕೊನೆಗೆ ದೋಣಿ ನಡೆಸುವವನೇ ಅವರ ಮಾತು ಕೇಳದೆ ದೋಣಿಯನ್ನು ತಿರುಗಿಸಿ ತಂದ.

ಬೈರಿದೇವರಕೊಪ್ಪದ ಮನೆಗೆ ಬಂದ ಮೇಲೆ ಆ ವಿಡಿಯೋವನ್ನು ಟೀವಿಗೆ ಹಾಕಿದರು. ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಇವರೊಬ್ಬರಾದರೂ ನನ್ನ ಪರ ಇದ್ದಾರೆ ಎಂದುಕೊಂಡೆ.

"ಗಂಡನ ಹೆಸರ ಹಿಡದು ಹಂಗ ಒದರತಾರೇನು? ನಾಚಿಕಿ ಬರಲಿಲ್ಲೇನ ನಿನಗ?" ಎಂದರು ಅತ್ತೆ.

"ಒದರಿದ್ರೂ ಅವರು ಬರಲಿಲ್ರಿ, ಅತ್ತಿ," ಎಂದೆ.

ಮೈದುನ, "ವೈನಿ, ಲಗೂ ಚಹಾ ತರ್ರಿ, ಇನ್ನೊಮ್ಮೆ ಹಾಕತೇನಿ," ಎಂದ.

ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತ ನಿಂತಾಗ ಪಡಸಾಲೆಯಿಂದ ನನ್ನದೇ ಚೀರಾಟ ಕೇಳಿಸಿತು. ಅದರ ಹಿಂದೆಯೇ ಎಲ್ಲರ ನಗು.