ಟವೆಲಿನ ಕೆಳಗಿನ ಕೋಣೆ

ಮಗಳು ಕಂಪ್ಯೂಟರಿನ ಮುಂದೆ ಕೂತು ಜೈಪುರದ ಹೋಟೆಲೊಂದರ ಕೋಣೆಗೆ ತಾನು ಕೊಡುವ ಬೆಲೆಯನ್ನು ತಾನೇ ಬರೆದು ಕಳಿಸುತ್ತಿದ್ದಾಳೆ. ಯಾವ ಹೋಟೆಲು ಎಂಬುದು ದುಡ್ಡು ಕಟ್ಟಿದ ಮೇಲೆ ತಿಳಿಯುವುದಂತೆ. ಯಾರಿಗೆ ಎಷ್ಟಕ್ಕೆ ಸಿಕ್ಕಿತು ಎಂಬುದು ಗುಟ್ಟು. ಒಪ್ಪಿದ ಮೇಲೆ ಹಿಂದೆ ಸರಿಯುವಂತಿಲ್ಲ. "ಇದು ಹೊಸ ಪದ್ಧತಿ ಅಪ್ಪಾ, ನಿಮಗೆ ಅರ್ಥ ಆಗಲ್ಲ" ಎನ್ನುತ್ತಾಳೆ. ನಾನು ನನ್ನ ಎಡಗೈಯ ಕಿರುಬೆರಳನ್ನು ನೋಡಿಕೊಳ್ಳುತ್ತೇನೆ. ಅದು ಉಳಿದ ಬೆರಳುಗಳ ಜೊತೆ ಮಾತು ಬಿಟ್ಟು ಬಹಳ ವರ್ಷಗಳಾದವು.

ಎಂಬತ್ತರ ದಶಕದ ನಡುವಿನ ಮಾತು. ಮೈಸೂರಿನಲ್ಲಿ ಮದುವೆ ಮುಗಿಸಿ ಹೆಂಡತಿಯನ್ನು ಮುಂಬಯಿಗೆ ಕರೆತಂದಿದ್ದೆ. ಮುಲುಂಡ್‌ನಲ್ಲಿ ಬಾಡಿಗೆಗೆ ಹಿಡಿದಿದ್ದ ಮನೆಯನ್ನು ಹಳೆಯ ಬಾಡಿಗೆಯವರು ಇನ್ನೂ ಖಾಲಿ ಮಾಡಿರಲಿಲ್ಲ. ನಾನಿದ್ದ ಚಾಳಿನ ಕೋಣೆಯಲ್ಲಿ ನಾಲ್ವರು ಬ್ರಹ್ಮಚಾರಿಗಳು ಸರದಿಯ ಮೇಲೆ ಮಲಗುತ್ತಿದ್ದರು. ಪುಣೆ ದಾಟುವ ಹೊತ್ತಿಗೆ ಹೆಂಡತಿಗೆ ಜ್ವರ ಏರಿತ್ತು. ಅವಳ ಹಣೆ ಮುಟ್ಟಲು ನನಗೆ ಸಂಕೋಚ. ಅಷ್ಟು ಹೊಸ ಮದುವೆ. ಅವಳಿಗೆ ಬೇಕಿದ್ದದ್ದು ಕಾಲು ಚಾಚಲು ಒಂದು ಮಂಚ, ಹಾಕಿಕೊಳ್ಳಲು ಒಂದು ಬಾಗಿಲು.

ನನ್ನ ಆಫೀಸು ಬೈಕುಲ್ಲಾದಲ್ಲಿ. ಅಲ್ಲಿನ ತರಕಾರಿ ಮಾರುಕಟ್ಟೆಗೆ ಬರುವ ವ್ಯಾಪಾರಿಗಳಿಗಾಗಿ ಒಂದು ಗಲ್ಲಿಯಲ್ಲಿ ಲಾಡ್ಜುಗಳಿದ್ದವು. ಮಧ್ಯಾಹ್ನ ಕಳೆದರೂ ಖಾಲಿ ಉಳಿದ ಕೋಣೆಗಳನ್ನು ಮ್ಯಾನೇಜರುಗಳು ದಲಾಲರಿಗೆ ಬಿಟ್ಟುಕೊಡುತ್ತಿದ್ದರು. ಅವರು ಕಡಿಮೆ ದರಕ್ಕೆ ಗಿರಾಕಿ ಹಿಡಿಯುತ್ತಿದ್ದರು. ಒಬ್ಬನ ದರ ಇನ್ನೊಬ್ಬನ ಕಿವಿಗೆ ಬೀಳಬಾರದೆಂದು ಬಾಯಿ ಬಿಡುವಂತಿರಲಿಲ್ಲ. ಮಾರುಕಟ್ಟೆಯವರ ಹಾಗೆ ಟವೆಲಿನ ಕೆಳಗೆ ಕೈ ಹಿಡಿದು ಬೆರಳು ಅಮುಕುವುದು. ಒಂದು ಬೆರಳಿಗೆ ಹತ್ತು ರೂಪಾಯಿ. ಒಪ್ಪಿಗೆಯಿಲ್ಲದಿದ್ದರೆ ಕೈ ಎಳೆದುಕೊಳ್ಳಬೇಕು. ಕೈ ಒಳಗೇ ಉಳಿದರೆ ವ್ಯಾಪಾರ ಮುಗಿದಂತೆ.

ಈ ಕೊನೆಯ ನಿಯಮ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಪ್ರಯೋಜನವಿರಲಿಲ್ಲವೇನೋ. ಹಿಡಿದ ಕೈಯನ್ನು ಎಳೆದುಕೊಂಡರೆ ಎದುರಿನವರು ಏನಂದುಕೊಳ್ಳುತ್ತಾರೋ ಎಂದು ಯೋಚಿಸುವ ಜಾತಿ ನನ್ನದು.

ಹೆಂಡತಿಯನ್ನು ಲಾಡ್ಜೊಂದರ ಎದುರು ಟ್ರಂಕಿನ ಮೇಲೆ ಕೂರಿಸಿದೆ. ಗಿಡ್ಡ ದಲಾಲನೊಬ್ಬ ಬಂದು ನನ್ನ ಬಲಗೈಗೆ ಟವೆಲು ಹೊದಿಸಿ ನಾಲ್ಕು ಬೆರಳು ಅಮುಕಿದ. ದುಬಾರಿಯಾಯಿತಲ್ಲ ಎಂದು ಚಿಂತಿಸುತ್ತ ಕೈಯನ್ನು ಅಲ್ಲೇ ಬಿಟ್ಟೆ. ಅವನು ಮ್ಯಾನೇಜರನ್ನು ಕೂಗಲು ಲಾಡ್ಜಿನ ಕಡೆ ಮುಖ ತಿರುಗಿಸಿದ. ಅಷ್ಟರಲ್ಲಿ ಎಡಕ್ಕೆ ಇನ್ನೊಬ್ಬ ಬಂದು ನಿಂತ. ಉದ್ದನೆಯ ಆಳು, ಗುಲ್ಬರ್ಗಾ ಕಡೆಯವನು. ಅವನೂ ಟವೆಲು ಹೊದಿಸಿ ಮೂರು ಬೆರಳು ಅಮುಕಿದ. ಇವನದು ಕಡಿಮೆ ಎಂದು ಎಡಗೈಯನ್ನೂ ಅಲ್ಲೇ ಬಿಟ್ಟೆ. ವರಪೂಜೆಯಲ್ಲೂ ನನಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಗಿಡ್ಡ ಈ ಕಡೆ ತಿರುಗಿದ. "ಹಾತ್ ಅಂದರ್, ಬಾತ್ ಪಕ್ಕಾ. ಗಿರಾಕಿ ಮೇರಾ ಹೈ" ಎಂದ.

"ಏನ್ರೀ ಸಾಹೇಬ್ರ" ಎಂದ ಉದ್ದನೆಯವನು ನನಗೆ, "ನನ್ನ ಕೈನೂ ಹಿಡೀತೀರಿ, ಅವನ ಕೈನೂ ಹಿಡೀತೀರಿ. ಹೊಸಾ ಹೆಂಡ್ತಿ ಮುಂದನ ಎರಡು ಸಂಸಾರ ಏನ್ರಿ?"

ಮೊದಲ ಏಟು ನನಗೇ ಬಿತ್ತು. ಗಿಡ್ಡ ಬೀಸಿದ್ದು ಅವನಿಗೆ, ನಡುವೆ ಇದ್ದದ್ದು ನನ್ನ ಕೆನ್ನೆ. ಆಮೇಲೆ ಇಬ್ಬರೂ ನನ್ನನ್ನು ಎಳೆಯತೊಡಗಿದರು. ಕೈ ಬಿಟ್ಟವನು ಗಿರಾಕಿಯನ್ನು ಕಳೆದುಕೊಂಡಂತೆ, ಆದ್ದರಿಂದ ಯಾರೂ ಬಿಡಲೊಲ್ಲರು. ಎಡಗೈಯಲ್ಲಿ ಹಸಿ ಬೆಂಡೆಕಾಯಿ ಮುರಿದಂಥ ಸದ್ದಾಯಿತು. ನೋವು ಸ್ವಲ್ಪ ತಡವಾಗಿ, ಆದರೆ ಧಾರಾಳವಾಗಿ ಬಂತು. ಉದ್ದನೆಯವನು ಬಗ್ಗಿ ತನ್ನ ಹಣೆಯಿಂದ ಗಿಡ್ಡನ ಮೂಗಿಗೆ ಗುದ್ದಿದ. ಗಿಡ್ಡನ ಬಾಯಿ, ಗಲ್ಲ, ಅಂಗಿಯ ಗುಂಡಿಗಳೆಲ್ಲ ಕೆಂಪಾದವು. ಅವನು ಪಕ್ಕದ ಅಂಗಡಿಯ ಶಟರ್ ಎಳೆಯುವ ಕಬ್ಬಿಣದ ಕೊಕ್ಕೆಯನ್ನು ಕಿತ್ತುಕೊಂಡು ಬೀಸಿದ. ಉದ್ದನೆಯವನ ಕಿವಿಯ ತುದಿ ಹರಿದು ಜೋತಾಡಿತು. ಎರಡನೆಯ ಏಟು ಹೆಗಲಿಗೆ, ಮೂರನೆಯದು ಮೊಣಕಾಲಿಗೆ. ಹಮಾಲರು ಬುಟ್ಟಿ ಇಳಿಸಿ ಸುತ್ತ ನಿಂತರು. ಬಿಡಿಸಲು ಯಾರೂ ಬರಲಿಲ್ಲ.

ಉದ್ದನೆಯವನು ಬೀಳುತ್ತ ಬೀಳುತ್ತ ನನ್ನ ಕಾಲರ್ ಹಿಡಿದುಕೊಂಡ. ಇಬ್ಬರೂ ನಮ್ಮ ಹಾಸಿಗೆ ಸುರುಳಿಯ ಮೇಲೆ ಬಿದ್ದೆವು. ಅವನ ಕಿವಿಯ ರಕ್ತ ನನ್ನ ಕಣ್ಣಿಗೆ ಸುರಿಯುತ್ತಿತ್ತು, ಹೆಬ್ಬೆರಳು ನನ್ನ ಗಂಟಲಲ್ಲಿತ್ತು. "ಹೂಂ ಅಂದೀರಿ, ಈಗ ಬರ್‍ರಿ ನನ್ನ ಜೋಡಿ" ಎನ್ನುತ್ತಿದ್ದ. ಉಸಿರು ನಿಲ್ಲುತ್ತಿದ್ದಾಗಲೂ ನಾನು ಯೋಚಿಸಿದ್ದು, ಈ ರಕ್ತ ಹತ್ತಿದ ಹಾಸಿಗೆಯಲ್ಲಿ ಇವಳು ಮಲಗುವುದು ಹೇಗೆ ಎಂದು.

ಆಗ ಹೆಂಡತಿ ಎದ್ದಳು. ಪ್ರಯಾಣದ ನೀರಿನ ಹಿತ್ತಾಳೆ ಕೂಜ ಅವಳ ಕೈಯಲ್ಲಿತ್ತು. ಎರಡೂ ಕೈಯಿಂದ ಅದನ್ನೆತ್ತಿ ಅವನ ಹುಬ್ಬಿನ ಮೇಲೆ ಅಪ್ಪಳಿಸಿದಳು. ಸದ್ದಿಗೆ ಹಮಾಲರೂ ಒಂದು ಹೆಜ್ಜೆ ಹಿಂದೆ ಹೋದರು. ಅವನ ಕೈ ಸಡಿಲವಾಯಿತು.

"ಬಿಡಿ ಅಂದಮೇಲೆ ಬಿಡಬೇಕು" ಎಂದಳು ಅವನಿಗೆ. ನಾನು ಬಿಡಿ ಎಂದೇ ಇರಲಿಲ್ಲ. ಅನ್ನಲು ಗಂಟಲು ಬೇಕಲ್ಲ.

ಲಾಡ್ಜಿನ ಮ್ಯಾನೇಜರು ಆಗ ಹೊರಗೆ ಬಂದರು. ಮಂಗಳೂರಿನವರು. "ಎಂಥ ಮಾರಾಯ್ರೆ ಇದು? ಇರುವುದೇ ಒಂದು ರೂಮು. ಇಬ್ಬರೂ ಅದನ್ನೇ ಮಾರುವುದು. ಅಮ್ಮನನ್ನು ಒಳಗೆ ಕರ್ಕೊಂಡು ಬನ್ನಿ."

ಅಂಥ ಹೊತ್ತಿನಲ್ಲೂ ನನಗೊಂದು ಸಂದೇಹ. "ಯಾರ ದರ?"

ಅವರು ಬೀದಿಯ ಕಡೆ ನೋಡಿದರು. "ಯಾರು ನಿಂತಿದ್ದಾನೋ ಅವನದ್ದು."

ನಿಂತಿದ್ದವನು ಗಿಡ್ಡ. ಹಾಗಾಗಿ ಹತ್ತು ರೂಪಾಯಿ ಹೆಚ್ಚು ಕೊಟ್ಟೆ.

ಕೋಣೆಯಲ್ಲಿ ಒಂದು ಕಬ್ಬಿಣದ ಮಂಚವಿತ್ತು, ಬಾಗಿಲಿಗೆ ಚಿಲಕವಿತ್ತು. ಚಿಲಕದ ಮೊಳೆ ಸಡಿಲ. ಹೆಂಡತಿ ಮಲಗಿದಳು. ಉದ್ದನೆಯವನು ಮೆಟ್ಟಿಲು ಹತ್ತಿ ಬಂದದ್ದು ಕೇಳಿಸಿತು. ಗಿಡ್ಡ ಹಿಂದಿನಿಂದ ಬಂದು ಅವನನ್ನು ಬಡಿದದ್ದು, ಮೈಯೊಂದು ಗೋಡೆಗೆ ಅಪ್ಪಳಿಸಿದ್ದು ಕೇಳಿಸಿತು. ಆದರೂ ಉದ್ದನೆಯವನು ನಮ್ಮ ಬಾಗಿಲಿಗೆ ಒದೆಯತೊಡಗಿದ. ಒಂದೊಂದು ಒದೆಗೂ ಮೊಳೆ ಚೂರು ಚೂರೇ ಹೊರಗೆ ಬರುತ್ತಿತ್ತು. ನಾನು ಮುರಿದ ಬೆರಳನ್ನು ಕಂಕುಳಲ್ಲಿಟ್ಟುಕೊಂಡು, ಭುಜ ಕೊಟ್ಟು, ಅವಳು ಮಲಗಿದ್ದ ಮಂಚವನ್ನೇ ಬಾಗಿಲಿಗೆ ಒತ್ತರಿಸಿದೆ. ಈಗ ಒದೆ ಬಿದ್ದಾಗಲೆಲ್ಲ ಮಂಚ ನಡುಗುತ್ತಿತ್ತು, ಅವಳೂ ನಡುಗುತ್ತಿದ್ದಳು. ಅದು ಜ್ವರವೋ ಒದೆಯೋ ತಿಳಿಯುತ್ತಿರಲಿಲ್ಲ. ಮೊದಲ ಸಲ ಅವಳ ಹಣೆ ಮುಟ್ಟಿ ನೋಡಿದೆ. ಸುಡುತ್ತಿತ್ತು.

ಅವಳು ಕಣ್ಣು ಬಿಟ್ಟಳು.

"ರೀ, ಬಾಡಿಗೆ ಕೊಟ್ಟಿದೀರ ತಾನೆ?"

"ಕೊಟ್ಟಿದೀನಿ."

"ಹಾಗಾದ್ರೆ ಒದೀಲಿ ಬಿಡಿ" ಎಂದು ಗೋಡೆಯ ಕಡೆ ಹೊರಳಿ ಕಾಲು ಚಾಚಿದಳು. ಬಾಗಿಲು ಇನ್ನೂ ಅದುರುತ್ತಿದ್ದಂತೆಯೇ ನಿದ್ದೆ ಹೋದಳು.