ಕೆಳಮನೆಗೆ ಕೇಳಿದ ಸದ್ದು

ಅವರ ಬಲಗೈ ತೋರುಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಹಳದಿಗಟ್ಟಿ ಕೊಂಬಿನಂತೆ ದಪ್ಪಗಾಗಿದ್ದ ಆ ಉಗುರನ್ನು ಅವರು ಕಂಡದ್ದರ ಮೇಲೆಲ್ಲ ಎಳೆಯುತ್ತಿದ್ದರು. ಮೆಟ್ಟಿಲಿನ ಕಂಬಿ, ಕಾಫಿ ಲೋಟದ ಅಂಚು, ಲೈಟ್ ಮೀಟರಿನ ಪೆಟ್ಟಿಗೆಯ ಮುಚ್ಚಳ, ಯಾವುದೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಎರಡು ತುಂಡು ಲೋಹ ಸೇರುವ ಕಡೆ ಉಗುರು ತಡೆದರೆ ಮುಖ ಸಿಂಡರಿಸುತ್ತಿದ್ದರು. ತಡೆಯದಿದ್ದರೂ ಮುಖ ಹಾಗೇ ಇರುತ್ತಿತ್ತು.

ಚೆನ್ನೈ ವಿಮಾನ ನಿಲ್ದಾಣದ ಪಕ್ಕದ ಪಲ್ಲಾವರಂನಲ್ಲಿ ನಮ್ಮದು ಎರಡನೆಯ ಮಹಡಿ, ಅವರದು ಸರಿಯಾಗಿ ಅದರ ಕೆಳಗಿನ ಮನೆ. ಹುಬ್ಬಳ್ಳಿ ಕಡೆಯವರು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾಗಿದ್ದರು. ಕಟ್ಟಡದಲ್ಲಿ ಇನ್ನೊಂದು ಕನ್ನಡದ ಮನೆಯಿದೆ ಎಂದು ಅಮ್ಮ ಮೊದಲು ಖುಷಿಪಟ್ಟಿದ್ದಳು. ನಾನು ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವವಳು, ಆದ್ದರಿಂದ ಲೆಕ್ಕ ಹೇಳಬಲ್ಲೆ: ಜೂನ್‌ನಿಂದ ಅಕ್ಟೋಬರ್‌ವರೆಗೆ ಅವರು ನಮ್ಮ ಮನೆಗೆ ಇಪ್ಪತ್ತಾರು ಸಲ ಬಂದರು. ನಾನು ಕರೆದದ್ದು ಒಂದು ಸಲ. ಒಳ್ಳೆಯ ಮಾತು ಆಡಿದ್ದು ಒಂದು ಸಲವೂ ಇಲ್ಲ.

ಏಪ್ರಿಲ್‌ನಲ್ಲಿ ನಾನು ಮೇಜಿನ ಮೇಲೆ ಕೂರುವಂಥ ಸಣ್ಣ ಮಿಲ್ಲಿಂಗ್ ಮೆಷಿನ್ ತಂದಿದ್ದೆ. ನೆಟ್ಟಗಿನ ಕಂಬ, ಅದರ ತಲೆಯಲ್ಲಿ ಗಿರಗಿರನೆ ಸುತ್ತುವ ಕಟರ್, ಕೆಳಗೆ ಹಿಡಿಕೆ ತಿರುಗಿಸಿದರೆ ಸರಿಯುವ ಹಾಸು. ಹಾಸಿನ ಮೇಲೆ ಲೋಹ ಬಿಗಿದು ಹಿಡಿಕೆ ತಿರುಗಿಸಿದರೆ ಕಟರ್ ಅದನ್ನು ಪದರು ಪದರಾಗಿ ಕೆತ್ತುತ್ತದೆ. ವಿಮೆ ಕಚೇರಿಯಲ್ಲಿ ದಿನವಿಡೀ ಪರದೆ ನೋಡುವ ನನಗೆ ಕೈಯಾರೆ ಒಂದು ಪುಟ್ಟ ಎಂಜಿನ್ ಮಾಡುವ ಹುಚ್ಚು ಹಿಡಿದಿತ್ತು. ಹಿಂಬದಿಯ ಕೋಣೆಯಿಂದ ಮಂಚವನ್ನು ಹೊರಗೆ ಹಾಕಿ ಮೆಷಿನ್ ಇಟ್ಟೆ. ಅದು ನನ್ನದೇ ಎಂದು ಹೇಳಿಕೊಳ್ಳಬಹುದಾಗಿದ್ದ ಮೊದಲ ವಸ್ತು.

ಜೂನ್ ಎರಡನೆಯ ಭಾನುವಾರ ಬಾಗಿಲು ಬಡಿದ ಸದ್ದಾಯಿತು.

"ಏ ತಂಗಿ, ಏನ್ ಕೊಯ್ಯಾಕತ್ತೀದಿ? ಹಂದಿ ಕೊಯ್ದಂಗ ಕೇಳಾಕತ್ತೈತಿ ಕೆಳಗ."

"ಸಾರಿ ಅಂಕಲ್. ಮೆಷಿನ್ ಅದು."

"ಅಂಕಲ್ ಅನಬ್ಯಾಡ. ನಾ ಯಾರ ಅಂಕಲ್ಲೂ ಅಲ್ಲ. ಮಿಸ್ತ್ರಿ ಅನ್ನು."

ನನಗೂ ರೇಗಿತು. "ತಲೆ ಮೇಲೆ ದಿನಕ್ಕೆ ಅಷ್ಟೊಂದು ವಿಮಾನ ಹೋಗತ್ತಲ್ಲ ಮಿಸ್ತ್ರಿ, ಅದು ಕೇಳಲ್ವಾ ನಿಮಗೆ?"

"ವಿಮಾನ ಸರಿ ಹೋಗ್ತೈತಿ. ನಿನ್ನ ಮಶೀನ್ ಸರಿ ಇಲ್ಲ" ಎಂದು ಹೇಳಿ ಇಳಿದು ಹೋದರು.

ಜುಲೈಯಲ್ಲಿ ಅವರು ನಿವಾಸಿಗಳ ಸಂಘಕ್ಕೆ ದೂರು ಬರೆದರು. ಕಾರ್ಯದರ್ಶಿ ನನ್ನನ್ನು ಕರೆದು, "ಎನ್ನಮ್ಮಾ ಇದು, ವೀಡಾ, ಪಟ್ಟರೆಯಾ?" ಎಂದು ತಮಿಳಿನಲ್ಲಿ ಕೇಳಿದರು, ಇದೇನು ಮನೆಯೋ, ಕಾರ್ಖಾನೆಯೋ ಎಂದು. ಕೊನೆಗೆ ಒಂದು ಕರಾರಾಯಿತು. ಅಕ್ಟೋಬರ್ ಕೊನೆಯ ಭಾನುವಾರ ನಾನು ಮೆಷಿನ್ನಿನಲ್ಲಿ ಹತ್ತು ಕಟ್ ತೆಗೆಯಬೇಕು, ಅಂದರೆ ಹತ್ತು ಸಲ ಲೋಹ ಕೆತ್ತಬೇಕು. ಮಿಸ್ತ್ರಿ ತಮ್ಮ ಮನೆಯಲ್ಲಿ ಕುಳಿತಿರಬೇಕು. ಕಿರುಚುವ ಸದ್ದು ಅವರಿಗೆ ಕೇಳಿದರೆ ಮೆಷಿನ್ ಕಟ್ಟಡ ಬಿಡಬೇಕು. ದೂರು ಕೊಟ್ಟವರೇ ತೀರ್ಪು ಕೊಡುವವರು. ಇದಕ್ಕೆ ನಾನೇ ಸಹಿ ಹಾಕಿದೆ.

"ಆ ಮನುಷ್ಯನ ಹತ್ರ ಯಾಕೆ ಬೈಸ್ಕೋತೀಯಾ, ಮಾರಿಬಿಡೇ ಅದನ್ನ" ಎಂದಳು ಅಮ್ಮ.

ನಾನು ಮಾರಲಿಲ್ಲ. ಕಿರುಚುವಿಕೆಗೆ ಕಾರಣ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಕಟರ್ ಲೋಹಕ್ಕೆ ತಾಗಿದಾಗ ಮೆಷಿನ್ ಎಲ್ಲೋ ಅಲುಗುತ್ತಿದೆ, ಅಲುಗಾಟವೇ ಸದ್ದಾಗುತ್ತಿದೆ. ಎಲ್ಲಿ ಎಷ್ಟು ಅಲುಗುತ್ತದೆ ಎಂದು ಹಿಡಿಯಲು ಜೂನ್‌ನಲ್ಲೇ ಪಲ್ಲಾವರಂನ ಶುಕ್ರವಾರದ ಸಂತೆಯಿಂದ ಒಂದು ಡಯಲ್ ಗೇಜ್ ತಂದಿದ್ದೆ. ಗಡಿಯಾರದಂಥ ಮುಖ, ಕೂದಲೆಳೆಗಿಂತ ಕಡಿಮೆ ಸರಿದಾಟಕ್ಕೂ ಓಡುವ ಮುಳ್ಳು. ಬೆಳಿಗ್ಗೆ ಮತ್ತು ಸಂಜೆ ಓದಿ ಓದಿ ಏಳು ವಾರದಲ್ಲಿ ಮುನ್ನೂರ ಹನ್ನೆರಡು ಅಳತೆ ಬರೆದಿಟ್ಟೆ. ಬೆಳಗಿನದಕ್ಕೂ ಸಂಜೆಯದಕ್ಕೂ ವ್ಯತ್ಯಾಸ ಕಂಡಿತು. ಚೆನ್ನೈ ಸೆಖೆಗೆ ಕಬ್ಬಿಣ ಹಿಗ್ಗುತ್ತಿದೆ ಎಂದು ತೀರ್ಮಾನಿಸಿ ನಕ್ಷೆಯನ್ನೂ ಬರೆದೆ. ಅದನ್ನು ಮಿಸ್ತ್ರಿಯ ಮುಖಕ್ಕೆ ಹಿಡಿಯಲೆಂದೇ ಆಗಸ್ಟ್ ಮೊದಲ ಭಾನುವಾರ ಮೇಲೆ ಕರೆದೆ.

ಅವರು ನಕ್ಷೆಯನ್ನು ನೋಡಲಿಲ್ಲ. ಗೇಜನ್ನು ಹಿಡಿದು ನಿಲ್ಲಿಸುವ ಆಯಸ್ಕಾಂತದ ಕಾಲು ಎಲ್ಲಿ ಕುಳಿತಿದೆ ಎಂದು ನೋಡಿದರು. ಮೆಷಿನ್ನಿನ ಅಡಿಯಲ್ಲಿ ಎಣ್ಣೆ ಸೋರದಿರಲೆಂದು ನಾನು ಹಾಸಿದ್ದ ತಗಡಿನ ತಟ್ಟೆಯ ಮೇಲೆ ಅದು ಕುಳಿತಿತ್ತು. ಮಿಸ್ತ್ರಿ ಮೆಷಿನ್ನನ್ನು ಮುಟ್ಟದೆ ತಟ್ಟೆಯ ಮೂಲೆಯನ್ನು ಮಾತ್ರ ಮುಷ್ಟಿಯಿಂದ ಒತ್ತಿದರು. ಮುಳ್ಳು ಓಡಿತು. ಬಿಟ್ಟರು. ಮುಳ್ಳು ಹಿಂದಕ್ಕೆ ಬಂತು.

"ನೀ ಅಳತಿ ಮಾಡಿದ್ದು ಮಶೀನಲ್ಲ, ತಗಡು. ಎಷ್ಟ್ ಬರದೀದಿ?"

"ಮುನ್ನೂರ ಹನ್ನೆರಡು."

"ಅಡ್ಡಿಯಿಲ್ಲ, ತಗಡಿನ ಮ್ಯಾಲೆ ಪಿಎಚ್‌ಡಿ ಮಾಡೀದಿ."

ಅಮ್ಮ ಅಡುಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ಆ ಸಂಜೆ ಏಳು ವಾರದ ಪುಟಗಳ ಮೇಲೆ ಒಂದೇ ಗೆರೆ ಎಳೆದೆ. ಅಳುವುದಕ್ಕೂ ಆಗದಷ್ಟು ಕೋಪ ಬಂದಿತ್ತು, ಅವರ ಮೇಲೆ, ಅವರು ಹೇಳಿದ್ದು ನಿಜವಾದ್ದರಿಂದ.

ಮರುದಿನ ಅವರೇ ಹತ್ತಿ ಬಂದರು. "ಅಕ್ಟೋಬರ್ ತನಕ ನಾ ಇದನ್ನ ಕೇಳ್ಕೊಂತ ಕುಂದರಬೇಕೇನು? ಬಿಚ್ಚು ಕಂಬ."

ಕಂಬ ಅಡಿಪಾಯದ ಮೇಲೆ ಕೂರುವ ಮುಖ ಸಮವಾಗಿರಲಿಲ್ಲ. ನಾಲ್ಕು ಬೋಲ್ಟ್ ಬಿಗಿದರೂ ಒಳಗೆ ಎರಡು ಕಡೆ ಮಾತ್ರ ತಾಗುತ್ತಿತ್ತು. ಅದನ್ನು ಕೈಯಿಂದ ಹೆರೆದು ಸಮ ಮಾಡಬೇಕಿತ್ತು. ಅವರು ಕೆಳಗಿನಿಂದ ಹಳೆಯ ಬನಿಯನ್ನಿನಲ್ಲಿ ಸುತ್ತಿದ ಎರಕದ ಕಬ್ಬಿಣದ ಹಲಗೆಯೊಂದನ್ನು ತಂದರು. ಕನ್ನಡಿಗಿಂತ ಸಪಾಟಾಗಿತ್ತು. "ಗೀರು ಬಿದ್ರ ಕೈ ಮುರೀತೀನಿ" ಎಂದರು. ಹಲಗೆಗೆ ತೆಳ್ಳಗೆ ನೀಲಿ ಬಣ್ಣ ಸವರಿ ಕಂಬದ ಮುಖವನ್ನು ಅದರ ಮೇಲೆ ಉಜ್ಜಬೇಕು. ಉಬ್ಬಿದ ಕಡೆಗಳಲ್ಲಿ ನೀಲಿ ಚುಕ್ಕಿ ಅಂಟುತ್ತದೆ. ಆ ಚುಕ್ಕಿಗಳನ್ನಷ್ಟೇ ಉಳಿಯಿಂದ ಹೆರೆದು ತೆಗೆಯಬೇಕು. ಮತ್ತೆ ನೀಲಿ, ಮತ್ತೆ ಉಜ್ಜು, ಮತ್ತೆ ಹೆರೆ. ಚುಕ್ಕಿಗಳು ಹೆಚ್ಚಾದಷ್ಟೂ, ಒಂದೇ ಸಮ ಹರಡಿದಷ್ಟೂ ಮುಖ ಸಪಾಟಾದಂತೆ. ಒಂದು ಅಂಗುಲ ಚೌಕದಲ್ಲಿ ಹತ್ತು ಚುಕ್ಕಿ ಬರುವವರೆಗೆ ತನ್ನನ್ನು ಕರೆಯಬೇಡ ಎಂದವರು ಕರೆಯದೆಯೇ ವಾರಕ್ಕೆ ಎರಡು ಸಲ ಬಂದು ಬೈದರು.

"ಉಳಿ ಹಿಡಿಯೋದು ಹಿಂಗೇನು? ಏನು, ದ್ವಾಸಿ ಮಗುಚಾಕತ್ತೀಯಾ?"

"ಭುಜದಿಂದ ತಳ್ಳು. ಮಣಿಕಟ್ಟಿನಿಂದ ಅಲ್ಲ. ಶಾಲ್ಯಾಗ ಏನ್ ಕಲಿಸ್ಯಾರ ನಿನಗ?"

ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ ನಾನು ಹೆಮ್ಮೆಯಿಂದ ಹನ್ನೊಂದು ಚುಕ್ಕಿ ಎಂದೆ. ಅವರು ಕನ್ನಡಕ ಏರಿಸಿ ಎಣಿಸಿದರು.

"ಒಂಬತ್ತು."

"ಇಲ್ಲ ಮಿಸ್ತ್ರಿ, ಸರಿಯಾಗಿ ನೋಡಿ, ಇಲ್ಲೆರಡು ಇದೆ."

"ಅವೆರಡು ನಿನ್ನ ಆಸಿ. ಒರಸು."

ಒರೆಸಿದೆ. ಹೋಗಿಬಿಟ್ಟವು. ಬಣ್ಣದ ಕಲೆಗಳು ಅಷ್ಟೇ. ಹೀಗೆ ಒಂಬತ್ತು ವಾರ, ನಲವತ್ತೆಂಟು ಸುತ್ತು. ಎರಡೂ ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದು ಗಟ್ಟಿಯಾಯಿತು. ಹನ್ನೆರಡು ಚುಕ್ಕಿ ಬಂದ ದಿನ ಅವರು ಎಣಿಸಿ, ತಮ್ಮ ಹಲಗೆಯನ್ನು ಬನಿಯನ್ನಿನಲ್ಲಿ ಸುತ್ತಿಕೊಂಡು ಹೋದರು.

ಅಕ್ಟೋಬರ್ ಕೊನೆಯ ಭಾನುವಾರ ಬಂತು. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದೆ. ಮೆಷಿನ್ ಕಿರುಚಲಿಲ್ಲ, ಹೊಲಿಗೆ ಯಂತ್ರದಂತೆ ಗುಂಯ್‌ಗುಟ್ಟಿತು. ಪ್ರತಿ ಕಟ್ ಮುಗಿದ ಕೂಡಲೇ ಡೈರಿಯಲ್ಲಿ ಒಂದು ಸಾಲು ಬರೆದೆ. ಏಳನೆಯದರ ನಡುವೆ ಕಣ್ಣಿಗೆ ಬೆವರು ಇಳಿಯಿತು. ಹಿಡಿಕೆ ತಿರುಗಿಸುತ್ತಿದ್ದ ಕೈ ಒಂದು ಗಳಿಗೆ ನಿಂತಿತು. ಲೋಹ ಸರಿಯದೆ ಒಂದೇ ಕಡೆ ಉಜ್ಜಿದ ಕಟರ್ ಕಿರ್ ಎಂದಿತು. ನನಗೇ ಕೇಳಿಸಿತೋ ಇಲ್ಲವೋ ಎನ್ನುವಷ್ಟು.

ಸಂಜೆ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿ ಸಭೆ ನಡೆಯಿತು. ಒಂಬತ್ತು ಮಂದಿ ಇದ್ದರು. ಕಾರ್ಯದರ್ಶಿ ನನಗೆ ಕೈಮುಗಿದು, ಯಾರಿಗೂ ಏನೂ ಕೇಳಿಸಲಿಲ್ಲ, ಮುಗಿಸಿಬಿಡೋಣ ಎಂದರು. ಮಿಸ್ತ್ರಿ ಕೈ ಎತ್ತಿದರು.

"ಒಂದ್ ಸಲ ಕೇಳಿತು."

"ಇಲ್ಲ" ಎಂದೆ ನಾನು. ಅವರ ಕಡೆ ನೋಡಲಿಲ್ಲ.

ಅವರು ಕನ್ನಡದಲ್ಲೇ, ನನ್ನೊಬ್ಬಳಿಗೆ ಎಂಬಂತೆ ಹೇಳಿದರು: "ಏಳನೇದು. ನಡುವ ಕೈ ನಿಂತಿತು. ಬರದೀದಿ ಅಲ್ಲ? ಓದು."

ಡೈರಿ ನನ್ನ ಮಡಿಲಲ್ಲೇ ಇತ್ತು. ಅಲ್ಲಿ ನನ್ನದೇ ಕೈಬರಹದಲ್ಲಿ ಹಾಗೇ ಇತ್ತು. ಏನು ಬೇಕಾದರೂ ಓದಬಹುದಿತ್ತು. ಆ ಗುಂಪಿನಲ್ಲಿ ಕನ್ನಡ ಓದುವವರು ನಾವಿಬ್ಬರು ಮತ್ತು ಅಮ್ಮ ಮಾತ್ರ. ನಾನು ಇದ್ದದ್ದನ್ನು ಇದ್ದಂತೆ ಓದಿದೆ; ಆಮೇಲೆ ತಮಿಳಿನಲ್ಲೂ ಹೇಳಿದೆ.

"ಪರವಾಯಿಲ್ಲೆ ಸಾರ್, ಒರು ತಡವೆದಾನೆ" ಎಂದರು ಕಾರ್ಯದರ್ಶಿ. ಒಂದೇ ಸಲವಲ್ಲವೆ, ಬಿಡಿ ಎಂದು.

"ಕರಾರು ಅಂದ್ರ ಕರಾರು" ಎಂದು ಮಿಸ್ತ್ರಿ ಎದ್ದು ಹೋದರು.

ಮೆಷಿನ್ ನವೆಂಬರ್ ಮೊದಲ ವಾರ ಕಟ್ಟಡ ಬಿಟ್ಟಿತು. ಈಗ ಅದು ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯೊಂದರ ಹಿಂದಿನ ಶೆಡ್ಡಿನಲ್ಲಿದೆ, ನಮ್ಮ ಮನೆಯಿಂದ ಬಸ್ಸಿನಲ್ಲಿ ಮೂರು ನಿಲ್ದಾಣ. ಕೋಣೆಗೆ ಮಂಚ ವಾಪಸು ಬಂತು. ಆಮೇಲೆ ಮೆಟ್ಟಿಲಲ್ಲಿ ಹದಿನೇಳು ಸಲ ಅವರು ಎದುರಾದರು. ಹದಿನೇಳು ಸಲವೂ ನಾನು ಗೋಡೆಯ ಕಡೆ ಮುಖ ಮಾಡಿದೆ. ಅವರೂ ಮಾತಾಡಿಸಲಿಲ್ಲ. ಶೆಡ್ ಎಲ್ಲಿದೆ ಎಂದು ಅಮ್ಮನ ಹತ್ತಿರ ಕೇಳಿ ತಿಳಿದುಕೊಂಡಿದ್ದರಂತೆ. ಬರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಕೆಳಮನೆಯಲ್ಲಿ ಕುರ್ಚಿಗಳನ್ನು ಎಳೆಯುವ ಸದ್ದಿನಿಂದ ಎಚ್ಚರವಾಯಿತು. ಮಿಸ್ತ್ರಿ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಅಮ್ಮನೊಡನೆ ಕೆಳಗೆ ಹೋದೆ. ಅವರ ಹೆಂಡತಿಯ ಕೈ ಹಿಡಿದುಕೊಂಡೆ. ಮಿಸ್ತ್ರಿಯ ಕಾಲಿಗೆ ನಮಸ್ಕಾರ ಮಾಡೆಂದು ಅಮ್ಮ ಕಣ್ಣಲ್ಲೇ ಹೇಳಿದಳು, ನಾನು ಮಾಡಲಿಲ್ಲ. ಕೋಪ ಹೋಗಿರಲಿಲ್ಲ. ಈಗಲೂ ಹೋಗಿಲ್ಲ. ಒಂದು ಮಾತು ನುಂಗಿಕೊಂಡಿದ್ದರೆ ಅವರಿಗೆ ಏನು ನಷ್ಟವಾಗುತ್ತಿತ್ತು ಎಂದು ಬಸ್ಸಿಗೆ ಕಾಯುವಾಗೆಲ್ಲ ಕೇಳಿಕೊಳ್ಳುತ್ತೇನೆ.

ಎಂಜಿನ್ ಮೇ ತಿಂಗಳಲ್ಲಿ ಓಡಿತು. ಅಂಗಡಿಯ ಯಜಮಾನರು ಮೆಷಿನ್ನಿನ ಸುತ್ತ ಒಂದು ಸುತ್ತು ಬಂದು, ಇಷ್ಟು ಸಣ್ಣದು ಇಷ್ಟು ಗಟ್ಟಿಯಾಗಿ ಹೇಗೆ ನಿಂತಿದೆ, ಏನು ಮಾಡಿದೆ ಎಂದು ಕೇಳಿದರು. ಕಂಬದ ಅಡಿಯಲ್ಲಿ ಚದರ ಅಂಗುಲಕ್ಕೆ ಹನ್ನೆರಡು ಕಡೆ ಕಬ್ಬಿಣ ಕಬ್ಬಿಣಕ್ಕೆ ತಾಗಿ ನಿಂತಿದೆ ಎಂದೆ. ತೋರಿಸು ಎಂದರು. ತೋರಿಸಬೇಕಾದರೆ ಕಂಬ ಬಿಚ್ಚಬೇಕು. ಬಿಚ್ಚುವ ಅಗತ್ಯ ಇದುವರೆಗೆ ಬಂದಿಲ್ಲ.